ಗೋಡಂಬಿಯಷ್ಟು ಜಾಗ

ನಾನು ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೆ ಎಂದರೆ ಚೆಂಬೂರಿನ ನಮ್ಮ ಬಿಲ್ಡಿಂಗಿನವರು ಇವತ್ತಿಗೂ ಗೌರವದಿಂದ ತಲೆಯಾಡಿಸುತ್ತಾರೆ. ಆಮೇಲೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ಅಂದ್ರೆ ಏನ್ ಮಾಡ್ತಿದ್ರು?" ಎಂದು ಕೇಳುತ್ತಾರೆ. ಪಾಪ, ಅವರಿಗೂ ಗೊತ್ತಿಲ್ಲ. ರಿಫೈನರಿಯಲ್ಲಿ ದುಡಿದವರು, ಅವರ ಪ್ರಕಾರ ಕೆಲಸ ಎಂದರೆ ಒಂದು ಚಕ್ರ ತಿರುಗಿಸಿದರೆ ಆ ಕಡೆ ಏನಾದರೂ ಹರಿದು ಬರಬೇಕು. ನನ್ನ ಕೆಲಸದಲ್ಲಿ ತಿರುಗಿಸಲು ಒಂದು ತಿರುಪೂ ಇರಲಿಲ್ಲ. ಯಂತ್ರ ಮಾಡುವವರು ಬೇರೆ, ಮಾರುವವರು ಬೇರೆ, ಬಂಡವಾಳ ಹಾಕುವವರು ಬೇರೆ. ಯಾರಿಗಾಗಿ ಮಾಡಬೇಕು, ಏನು ಮಾಡಬೇಕು, ಮುಖ್ಯವಾಗಿ ಏನನ್ನು ಮಾಡಬಾರದು ಎಂದು ಈ ಮೂವರ ನಡುವೆ ನಿಂತು ಹೇಳುತ್ತಿರುವುದು ನನ್ನ ಕೆಲಸ. ನನ್ನ ಮಾತನ್ನು ಕೇಳಲೇಬೇಕೆಂಬ ಕಟ್ಟುಪಾಡು ಮಾತ್ರ ಮೂವರಲ್ಲಿ ಯಾರಿಗೂ ಇರಲಿಲ್ಲ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ: "ಆಂಟಿ, ಫೋಕಸ್ ಹೇಗೆ ಇಟ್ಕೊಂಡ್ರಿ? ಯಾವ ಆ್ಯಪ್ ಯೂಸ್ ಮಾಡ್ತಿದ್ರಿ?" ಆ್ಯಪ್ ಹೆಸರು ಹೇಳಿದರೆ ಅವರ ಪ್ರಶ್ನೆ ಮುಗಿಯುತ್ತದೆ, ನನ್ನ ಉತ್ತರ ಶುರುವೇ ಆಗುವುದಿಲ್ಲ. ಅದಕ್ಕೇ ಬರೆಯಲು ಕುಳಿತೆ. ನನ್ನ ಪ್ರಮೋಷನ್ನುಗಳ ಕಥೆ ಇದರಲ್ಲಿ ಇಲ್ಲ. ಒಂದೊಂದು ಪ್ರಮೋಷನ್ನಿಗೂ ಕುರ್ಚಿ ಮೆತ್ತಗಾಯಿತು, ಮೀಟಿಂಗು ಹೆಚ್ಚಾಯಿತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ನಮ್ಮ ಕಂಪನಿ ಇದ್ದದ್ದು ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ. ಕೆಳಗಡೆ ಸ್ಟೀಲ್ ಡಬ್ಬಿ ಒತ್ತುವ ಪ್ರೆಸ್ಸು. ಅದು ಒಮ್ಮೆ ಬಿದ್ದರೆ ನಮ್ಮ ಚಹಾದ ಕಪ್ಪು ಬಸಿಯ ಮೇಲೆ ಕುಣಿಯುತ್ತಿತ್ತು. ಮೇಲೆ ಕುಳಿತು ನಾವು ಮಾಡುತ್ತಿದ್ದದ್ದು ಶ್ರವಣಯಂತ್ರ. ಇಡೀ ಮುಂಬಯಿಯಲ್ಲಿ ಕಿವಿಯ ಬಗ್ಗೆ ಯೋಚಿಸಲು ಇಷ್ಟು ಅಯೋಗ್ಯವಾದ ಜಾಗ ಇನ್ನೊಂದಿರಲಿಲ್ಲ.

ಮಾಲೀಕರು ಪಾರೇಖ್ ಭಾಯಿ. ಕೆಲಸಕ್ಕೆ ಸೇರಿದ ದಿನ ಅವರು ನನ್ನನ್ನು ದೀಪದ ಕೆಳಗೆ ಕೂರಿಸಿ, ಚಿಮಟದಿಂದ ಒಂದು ಯಂತ್ರವನ್ನು ಬಿಚ್ಚಿ ತೋರಿಸಿದರು. ಒಂದು ಗೋಡಂಬಿಯಷ್ಟು ಕವಚ. ಅದರೊಳಗೆ ದನಿ ಹಿಡಿಯುವ ಮೈಕು, ಅದನ್ನು ಸೋಸಿ ಬೆಳೆಸುವ ಚಿಪ್, ಕಿವಿಗೆ ಮುಟ್ಟಿಸುವ ಪುಟ್ಟ ಸ್ಪೀಕರು, ಇವೆಲ್ಲಕ್ಕೂ ಅನ್ನ ಹಾಕುವ ಬ್ಯಾಟರಿ. ನಾನು ಉಸಿರು ಬಿಡಲೂ ಹೆದರಿದೆ, ಎಲ್ಲಿ ಹಾರಿಹೋಗುತ್ತದೋ ಎಂದು. ಅದಕ್ಕಿಂತ ದೊಡ್ಡ ಬೆರಗು ಮುಂದೆ ಕಾದಿತ್ತು. "ದೇವರು ಕೊಟ್ಟ ಕಿವಿಯೊಳಗೆ ಇದಕ್ಕಿಂತ ಸಣ್ಣ ಸಾಮಾನಿದೆ, ಅದಕ್ಕೆ ಬ್ಯಾಟರಿಯೂ ಬೇಡ" ಎಂದು ಅವರು ಹಿಂದಿಯಲ್ಲಿ ಹೇಳಿ ನಕ್ಕರು. ಅವತ್ತು ಮನೆಗೆ ಬರುವಾಗ ರೈಲಿನಲ್ಲಿ ಎದುರು ಕುಳಿತ ಹೆಂಗಸರ ಕಿವಿಗಳನ್ನೇ ನೋಡುತ್ತಾ ಬಂದೆ. ಒಬ್ಬಾಕೆ ಸಿಟ್ಟಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಪಾರೇಖ್ ಭಾಯಿಯ ಮೀಟಿಂಗಿನಲ್ಲಿ ಮೇಜಿನ ನಡುವೆ ಒಂದು ಬಟ್ಟಲು ಗೋಡಂಬಿ ಇರುತ್ತಿತ್ತು. ತಿನ್ನಲಿಕ್ಕೆ ಎಂದು ಹೊಸಬರು ಕೈಹಾಕುತ್ತಿದ್ದರು. ಯಾರಾದರೂ "ಇದನ್ನೂ ಸೇರಿಸೋಣ, ಅದನ್ನೂ ಸೇರಿಸೋಣ" ಎಂದು ಶುರುಮಾಡಿದರೆ ಅವರು ಒಂದು ಗೋಡಂಬಿ ತೆಗೆದು ಆತನ ಮುಂದೆ ಇಟ್ಟು ಕೇಳುತ್ತಿದ್ದರು: "ಅಂದರ್ ಕ್ಯಾ ಆಯೇಗಾ ವೋ ಬಾದ್ ಮೇ. ಬಾಹರ್ ಕ್ಯಾ ಜಾಯೇಗಾ, ಪೆಹಲೇ ವೋ ಬೋಲೋ." ಒಳಗೆ ಏನು ಬರುತ್ತದೆ ಎನ್ನುವುದು ಆಮೇಲೆ, ಹೊರಗೆ ಏನು ಹೋಗುತ್ತದೆ, ಮೊದಲು ಹೇಳು. ಎಂಥ ಮಾತುಗಾರನೂ ಆ ಗೋಡಂಬಿಯ ಮುಂದೆ ಮೂಕನಾಗುತ್ತಿದ್ದ. ನಾನು ಆಮೇಲೆ ದೊಡ್ಡ ದೊಡ್ಡ ತರಬೇತಿಗಳಿಗೆಲ್ಲ ಹೋಗಿ ಬಂದೆ. ಆ ಬಟ್ಟಲಿಗಿಂತ ಹೆಚ್ಚಿನದನ್ನು ಯಾರೂ ಕಲಿಸಲಿಲ್ಲ.

ಇನ್ನು ನನ್ನ ಏಕಾಗ್ರತೆಯ ಗುಟ್ಟು. ಅದು ಲೋಕಲ್ ರೈಲು. ಚೆಂಬೂರಿನಲ್ಲಿ ಹತ್ತಿ, ವಡಾಲದಲ್ಲಿ ಇಳಿದು, ಜೋಗೇಶ್ವರಿಗೆ ಹೋಗುವ ಇನ್ನೊಂದು ಗಾಡಿ ಹಿಡಿಯಬೇಕು. ಲೇಡೀಸ್ ಡಬ್ಬಿಯಲ್ಲಿ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ಎದೆಗವಚಿದ ಚೀಲದ ಮೇಲೆ. ಫೋನ್ ತೆಗೆಯಬೇಕೆಂದರೆ ಮೂರನೇ ಕೈ ಬೇಕು. ಚೀಲದೊಳಗೆ ಅದು ಗುರ್ ಗುರ್ ಎನ್ನುತ್ತಲೇ ಇರುತ್ತದೆ. ಬಾಸು, ಸೇಲ್ಸಿನವರು, ಡಿಸ್ಟ್ರಿಬ್ಯೂಟರು, ಎಲ್ಲರೂ ಅದರೊಳಗೆ ಕೂಗುತ್ತಿರುತ್ತಾರೆ. ನಾನೇನು ಮಾಡಲಿ? ಸುತ್ತಲಿನ ಹೆಂಗಸರು ನನ್ನನ್ನು ಕಟ್ಟಿಹಾಕಿದ್ದಾರೆ. ಹೀಗೆ ಬಲವಂತವಾಗಿ ಸಿಕ್ಕ ಆ ಹೊತ್ತಿನಲ್ಲಿ ಒಂದೇ ಒಂದು ಪ್ರಶ್ನೆಯನ್ನು ಹಿಡಿದು ಜಗಿಯುತ್ತಿದ್ದೆ. ಊರೆಲ್ಲ ಬೈಯುವ ಆ ನೂಕುನುಗ್ಗಲಿಗೆ ನಾನು ಮಾತ್ರ ಕೈಮುಗಿಯುತ್ತೇನೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಯಾರಿಗಾದರೂ ಏನಾದರೂ ಬೇಕಿದ್ದರೆ ಎದ್ದು ನನ್ನ ಟೇಬಲ್ಲಿಗೆ ಬರಬೇಕಿತ್ತು; ಅರ್ಧ ಬೇಡಿಕೆಗಳು ಆ ಸೋಮಾರಿತನದಲ್ಲೇ ಸಾಯುತ್ತಿದ್ದವು. ಆಮೇಲೆ ಚಾಟ್ ಗ್ರೂಪು ಬಂತು, ಬೇಡಿಕೆಗಳಿಗೆ ರೆಕ್ಕೆ ಬಂತು. ಗೋಡೆಯ ಮೇಲಿನ ಪರದೆಯಲ್ಲಿ ಹಸಿರು, ಹಳದಿ, ಕೆಂಪು ಚುಕ್ಕೆಗಳು ಬಂದವು. ಕೊನೆಕೊನೆಗೆ ಮೀಟಿಂಗಿನಲ್ಲಿ ಯಾರು ಏನು ಹೇಳಿದರೆಂದು ಕಂಪ್ಯೂಟರೇ ಬರೆದುಕೊಡತೊಡಗಿತು. ಆಗ ಅಲ್ಲಿ ಕುಳಿತವರು ಕೇಳಿಸಿಕೊಳ್ಳುವುದನ್ನೇ ಬಿಟ್ಟರು. ಶ್ರವಣಯಂತ್ರದ ಕಂಪನಿಯಲ್ಲಿ ಯಾರೂ ಯಾರ ಮಾತನ್ನೂ ಕೇಳುತ್ತಿಲ್ಲ ಎಂದು ನಾನು ತಮಾಷೆ ಮಾಡಿದರೆ, ಆ ತಮಾಷೆಯನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊಸ ಮಾಡೆಲ್ ಮಾಡುವ ಮೊದಲು ಹಳೆಯದನ್ನು ಬಳಸುತ್ತಿರುವವರ ಮನೆಗೆ ಹೋಗಿ ವಿಚಾರಿಸುವುದು ನಮ್ಮ ಪದ್ಧತಿ. ಹೋದೆವು. ಎಲ್ಲ ಮನೆಯಲ್ಲೂ ಚಹಾ, ಚೂಡಾ, ಮೇಲೊಂದು ಲಾಡು. ಎಲ್ಲ ಮನೆಯಲ್ಲೂ "ಬಹಳ ಚೆನ್ನಾಗಿದೆ." ಪರದೆಯ ಮೇಲೆ ಚುಕ್ಕೆಗಳೆಲ್ಲ ಹಸಿರಾದವು. ಹಾಗಾದರೆ ಮೂಲ ಯಂತ್ರದಲ್ಲಿ ತೊಂದರೆಯಿಲ್ಲ, ಇನ್ನು ಮೇಲೆ ಅಲಂಕಾರವೇ ಎಂದು ಎಲ್ಲರೂ ತೀರ್ಮಾನಿಸಿದರು. ಡಿಸ್ಟ್ರಿಬ್ಯೂಟರ್ ಕಡೆಯವರು ಕೇಳಿದ್ದು ಫೋನಿನ ಆ್ಯಪ್, ಹಾಡು ಕೇಳುವ ಸೌಲಭ್ಯ, ಬಗೆಬಗೆಯ ಬಣ್ಣ. ನಾನೂ ಒಂದು ವಾರ ಗುಲಾಬಿ ಬಣ್ಣಗಳ ನಡುವಿನ ವ್ಯತ್ಯಾಸ ಚರ್ಚಿಸುತ್ತಾ ಕುಳಿತಿದ್ದೆ. ತುಂಬ ಕೆಲಸ ಮಾಡಿದಂತೆ ಸುಸ್ತೂ ಆಗಿತ್ತು.

ಆ ಮನೆಗಳಲ್ಲಿ ಒಂದು ದಹಿಸರ್‌ನ ಕಮಲವ್ವನದು. ವಿಜಯಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಸ್ಟೇಷನ್ ಹತ್ತಿರ ಒಂದು ಮ್ಯಾಚಿಂಗ್ ಸೆಂಟರ್ ನಡೆಸಿಕೊಂಡು ಬಂದವರು. ಸೀರೆಗೆ ಹೊಂದುವ ರವಿಕೆ ಬಟ್ಟೆ, ಫಾಲು, ಲೇಸು ಮಾರುವ ಅಂಗಡಿ. ನನ್ನ ತಂಗಿಯ ಮಗಳ ಮದುವೆಗೆ ಒಂದು ಸೀರೆ ತೆಗೆದಿದ್ದೆ, ಅದಕ್ಕೆ ಹೊಂದುವ ಬಟ್ಟೆ ಚೆಂಬೂರಿನಲ್ಲೆಲ್ಲೂ ಸಿಗಲಿಲ್ಲ. ಕಮಲವ್ವನ ನೆನಪಾಗಿ, ಆಫೀಸಿನಿಂದ ಬೇಗ ಹೊರಟು, ಹೇಳದೆ ಕೇಳದೆ ಗಿರಾಕಿಯಾಗಿ ಹೋಗಿ ನಿಂತೆ. ನೋಡಿದರೆ ಆಕೆಯ ಎರಡೂ ಕಿವಿ ಖಾಲಿ.

"ಕಮಲವ್ವಾ, ಮಷೀನ್ ಎಲ್ಲಿ?" ಎಂದೆ.

ಆಕೆ ನನ್ನ ತುಟಿಯನ್ನೇ ನೋಡಿದರು. ಆಮೇಲೆ ಒಂದಿಷ್ಟೂ ಅಳುಕದೆ ಲೇಸಿನ ಉಂಡೆಗಳಿದ್ದ ಡ್ರಾಯರ್ ಎಳೆದು ತೋರಿಸಿದರು. "ಇಲ್ಲೇ ಅದಾವ್ರಿ. ಆರಾಮ ಮಲಗ್ಯಾವ."

"ಮತ್ತೆ ಅವತ್ತು ಚೆನ್ನಾಗಿದೆ ಅಂದ್ರಲ್ರೀ?"

"ಅಯ್ಯ, ಅಂಥಾ ಬಿಸಲಾಗ ಅಷ್ಟ ದೂರದಿಂದ ನಮ್ಮ ಮನಿಗೆ ಬಂದಿದ್ರಿ. ಮನಿಗೆ ಬಂದವರ ಮಾರಿಗೆ ಹೊಡದಂಗ, ನಿಮ್ಮ ಸಾಮಾನು ಛಲೋ ಇಲ್ಲ ಅಂತ ಹ್ಯಾಂಗ ಹೇಳೂದ್ರಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಚುಕ್ಕೆಗಳೆಲ್ಲ ಚಹಾ ಕೊಟ್ಟವರ ದಾಕ್ಷಿಣ್ಯಕ್ಕೆ ಹಸಿರಾಗಿದ್ದವು. ನಮ್ಮ ಜನ ಮನೆಗೆ ಬಂದ ಅತಿಥಿಯ ಮನಸ್ಸು ನೋಯಿಸುವುದಿಲ್ಲ ಎನ್ನುವುದನ್ನು ನಮ್ಮ ಇಡೀ ಕಂಪನಿ ಮರೆತಿತ್ತು. ಬುದ್ಧಿವಂತರು ಸೇರಿದ ಕಡೆ ಇಂಥದ್ದು ಆಗುತ್ತದೆ.

ತೊಂದರೆ ಏನು ಎಂದು ಬಿಡಿಸಿ ಕೇಳಿದೆ. "ಹಾಕ್ಕೊಂಡ್ರ ಫ್ಯಾನು, ರಿಕ್ಷಾ, ಬಾಜೂಕಿನ ಜ್ಯೂಸ್ ಅಂಗಡಿ ಮಿಕ್ಸಿ, ಎಲ್ಲಾ ತಲ್ಯಾಗ ಹೊಕ್ಕಂಡ್ ಬರ್ತಾವ್ರಿ. ಎದರಿಗೆ ನಿಂತ ಗಿರಾಕಿ ಒಬ್ಬಾಕಿ ಮಾತ್ರ ಕೇಳಂಗಿಲ್ಲ. ಅದಕ್ಕ ತಗದಿಟ್ಟು ಮಾರಿ ನೋಡಿ ವ್ಯಾಪಾರ ಮಾಡ್ತೀನಿ."

ಹಿಂದಿನಿಂದ ಅವರ ಮಗ ಬಸವರಾಜ ಬಂದ. ಒಳ್ಳೆಯ ಹುಡುಗನೇ, ಆದರೆ ಸೋತಿದ್ದ. ತಾಯಿಯ ಕಡೆ ಬೆನ್ನು ಮಾಡಿ ಮೆಲ್ಲಗೆ ಹೇಳಿದ: "ಮೇಡಂ, ಅವ್ವ ತಪ್ಪಿ ಬಟ್ಟಿ ಕತ್ತರಿಸ್ಲಿಕತ್ತಾಳ. ಗಿರಾಕಿ ಬ್ಯಾಡ ಅಂದ್ರೂ ಕೇಳಂಗಿಲ್ಲ, ಕತ್ತರಿ ಹಾಕಿಬಿಡ್ತಾಳ. ದಿನಾ ಜಗಳ. ಲಗ್ನದ ಸೀಸನ್ ಬರೂದ್ರಾಗ ಇದು ಸರಿ ಆಗ್ಲಿಲ್ಲಂದ್ರ ಆಕಿ ಮನ್ಯಾಗ ಕೂಡ್ಲಿ. ಕೌಂಟರ್ ನಾ ನೋಡ್ಕೋತೀನಿ."

ಕಮಲವ್ವ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. "ಮಾರಿ ಹೊಳ್ಳಿಸಿ ಹೇಳಿದ್ರ ನನಗ ತಿಳಿಯಂಗಿಲ್ಲ ಅಂದ್ಕೊಂಡಾನ," ಎಂದರು. "ಸತ್ತಿದ್ದು ನನ್ನ ಕಿವಿ, ನಾ ಅಲ್ಲ. ಮನ್ಯಾಗ ಕುಂತು ಯಾರ ಮಾರಿ ನೋಡ್ಲಿ? ಗ್ವಾಡೀದೇನು?"

ಅವತ್ತು ಬಟ್ಟೆ ಮರೆತೆ. "ಇಲ್ಲೇ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂತ್ಕೊಳ್ಲಾ?" ಎಂದು ಕೇಳಿ, ಬಟ್ಟೆಯ ತಾನುಗಳ ನಡುವೆ ಒಂದು ಸ್ಟೂಲಿನ ಮೇಲೆ ಕುಳಿತೆ. ಆಮೇಲೆ ನೋಡಿದ್ದನ್ನು ನನ್ನ ಜೀವಮಾನದಲ್ಲಿ ಮರೆಯಲಾರೆ.

ಕೌಂಟರಿನ ಮುಂದೆ ಹೆಂಗಸರ ಸಂತೆ. ಒಬ್ಬಳು ಬಳೆ ಕುಟ್ಟುತ್ತಾಳೆ, ಒಬ್ಬಳು "ಆಂಟೀ, ಇಧರ್ ಇಧರ್" ಎನ್ನುತ್ತಾಳೆ. ಕಮಲವ್ವ ನೋಡುವುದು ಒಬ್ಬಳನ್ನೇ. ಆಕೆಯ ತುಟಿ, ಹುಬ್ಬು, ಸೀರೆಯ ಅಂಚಿನ ಮೇಲೆ ಓಡಾಡುವ ಬೆರಳು, ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆಂದು ಸೀರೆ, ಬಟ್ಟೆ, ಗಿರಾಕಿ ಮೂರನ್ನೂ ಮೆಟ್ಟಿಲ ಬೆಳಕಿಗೆ ಕರೆದೊಯ್ಯುತ್ತಾರೆ. ಅಷ್ಟು ಹೊತ್ತೂ ಉಳಿದವರು ಕಾಯುತ್ತಾರೆ! ಮುಂಬಯಿಯಲ್ಲಿ, ಬಿಡುವಿಲ್ಲದ ಹೆಂಗಸರು, ಗೊಣಗುತ್ತಾ ಆದರೂ ಕಾಯುತ್ತಾರೆ. ಯಾಕೆಂದರೆ ತಮ್ಮ ಸರದಿ ಬಂದಾಗ ಆ ಎರಡು ಕಣ್ಣು ಪೂರ್ತಿ ತಮ್ಮವೇ ಎಂದು ಅವರಿಗೆ ಗೊತ್ತು. ನನ್ನನ್ನು ಯಾರಾದರೂ ಕೊನೆಯ ಸಲ ಹಾಗೆ ನೋಡಿದ್ದು ಯಾವಾಗ? ನಾನು ಯಾರನ್ನಾದರೂ ಹಾಗೆ ನೋಡಿದ್ದು ಯಾವಾಗ? ಚೀಲದೊಳಗೆ ನನ್ನ ಫೋನು ಗುರ್ ಎನ್ನುತ್ತಿತ್ತು. ಅದನ್ನು ಮುಟ್ಟಲು ನಾಚಿಕೆಯಾಯಿತು. ದೇವಸ್ಥಾನದಲ್ಲಿ ಕುಳಿತಂತೆ ಕುಳಿತೆ.

ಆಗ ಅದು ನಡೆಯಿತು. ಒಬ್ಬ ಮರಾಠಿ ಹುಡುಗಿ ಸಾಸಿವೆ ಬಣ್ಣದ ರೇಷ್ಮೆ ಆರಿಸಿದಳು. ಕಮಲವ್ವ ಬಟ್ಟೆ ಅಳೆದು, ಕಣ್ಣು ಕೆಳಗೆ ಮಾಡಿ, ಕತ್ತರಿ ಹಿಡಿದರು. ಅಷ್ಟರಲ್ಲಿ ಹುಡುಗಿಗೆ ಅಕ್ಕನ ಫೋನು. ಸೀರೆಯ ಕೊನೆಯಲ್ಲೇ ರವಿಕೆ ಬಟ್ಟೆ ಇದೆಯಂತೆ. "ಥಾಂಬಾ, ಕಾಪೂ ನಕಾ!" ಎಂದಳು, ನಿಲ್ಲಿ, ಕತ್ತರಿಸಬೇಡಿ ಎಂದು. ಕತ್ತರಿ ಚರ್ರನೆ ಈ ತುದಿಯಿಂದ ಆ ತುದಿಗೆ ಹೋಯಿತು. ಕಮಲವ್ವ ತಲೆಯೆತ್ತಿದಾಗ ಎಲ್ಲರ ಮುಖವೂ ಒಂದೇ ಥರ ಇತ್ತು. ಆಕೆಗೆ ಯಾರೂ ಹೇಳಬೇಕಾಗಲಿಲ್ಲ. ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟರು. ಬಸವರಾಜ ನನ್ನ ಕಡೆ ನೋಡಿದ.

ಮರುದಿನ ಬೆಳಿಗ್ಗೆ ರೈಲಿನಲ್ಲಿ, ಎಂದಿನಂತೆ ಕೈ ಕಟ್ಟಿಹಾಕಿಸಿಕೊಂಡು ನಿಂತಾಗ, ಕತ್ತರಿಯದೇ ಚಿತ್ರ. ಕಮಲವ್ವನ ಕಣ್ಣು ಗಿರಾಕಿಯ ಮೇಲಿದ್ದಷ್ಟು ಹೊತ್ತು ಆಕೆಗೆ ಯಂತ್ರವೇ ಬೇಡ. ಕಣ್ಣು ಬಟ್ಟೆಗೆ ಇಳಿಯುವ ಆ ಒಂದು ಗಳಿಗೆಯಲ್ಲಿ ಆಕೆ ಪೂರ್ತಿ ಕಿವುಡಿ. ಆ ಗಳಿಗೆಯಲ್ಲಿ, ಆ ಗದ್ದಲದಲ್ಲಿ, ಎದುರಿಗಿರುವವರ ದನಿಯೊಂದು ಕೇಳಿಸಿದರೆ ಸಾಕು. ಇಷ್ಟೇ ನಾವು ಮಾಡಬೇಕಾದದ್ದು. ಉಳಿದದ್ದೆಲ್ಲ ಗುಲಾಬಿ ಬಣ್ಣ. ಅಂಧೇರಿಯಲ್ಲಿ ಒಬ್ಬಾಕೆ ನನ್ನ ಕಾಲು ತುಳಿದು "ಸಾರೀ" ಎಂದಳು. ನಾನು ಖುಷಿಯಲ್ಲಿ "ಥ್ಯಾಂಕ್ಯೂ" ಎಂದುಬಿಟ್ಟೆ.

ಆಫೀಸಿಗೆ ಹೋಗಿ ಶೆಟ್ಟಿಯನ್ನು ಹಿಡಿದೆ. ಪ್ರಜ್ವಲ್ ಶೆಟ್ಟಿ ನಮ್ಮ ಸೌಂಡ್ ಎಂಜಿನಿಯರ್, ಇಲ್ಲೇ ಹುಟ್ಟಿ ಬೆಳೆದವನು. ಗೋಡೆಗೆಲ್ಲ ಸ್ಪಂಜು ಹೊಡೆಸಿದ ಒಂದು ಕೋಣೆ ಅವನ ಹೆಮ್ಮೆ. ಒಳಗೆ ಹೋದರೆ ನಮ್ಮ ಎದೆಬಡಿತ ನಮಗೇ ಕೇಳಿಸುವಷ್ಟು ನಿಶ್ಶಬ್ದ. "ಮೇಡಂ, ನನ್ನ ರೂಮಲ್ಲಿ ಏಕ್‌ದಮ್ ಬರಾಬರ್ ಬರ್ತದೆ ಮಾರಾಯ್ರೆ," ಎಂದ.

"ನಿನ್ನ ರೂಮಲ್ಲಿ ಯಾರೂ ರವಿಕೆ ಬಟ್ಟೆ ಮಾರಲ್ಲ ಕಣಪ್ಪಾ," ಎಂದು ಅವನನ್ನು ದಹಿಸರ್‌ಗೆ ಎಳೆದುಕೊಂಡು ಹೋದೆ.

ಅವನೂ ಆ ಸ್ಟೂಲಿನ ಮೇಲೆ ಕುಳಿತ. ಕಮಲವ್ವ ಅವನ ಮುಖವನ್ನು ಹಿಡಿದಿಟ್ಟುಕೊಂಡು ನೋಡಿ, "ಕನ್ನಡದವನ ಹೌದಿಲ್ಲೋ? ಮಾತಾಡು," ಎಂದರು. ಶೆಟ್ಟಿ ಬೆವರಿದ. "ಅಮ್ಮಾ... ನಾನು... ನಿಮಗೆ ಬರಾಬರ್ ಸುನಾಯೀ ಕೊಡುವ ಹಾಗೆ ಮಾಡ್ತೇನೆ," ಎಂದ. ಕೇಳಿಸುವ ಹಾಗೆ ಎನ್ನಲು ಹೋಗಿ ಹಿಂದಿಯನ್ನು ಕನ್ನಡಕ್ಕೆ ಹೊಲಿದ ಆ ಮಾತಿಗೆ ಅಂಗಡಿಯೆಲ್ಲ ನಕ್ಕಿತು. ಕಮಲವ್ವ ನಗಲಿಲ್ಲ. "ಮಾಡಪಾ," ಎಂದರು.

ಹಿಂದಿರುಗುವಾಗ ಶೆಟ್ಟಿ ದಾರಿಯಿಡೀ ಅಂಗೈ ಮೇಲೆ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದ. ಆಮೇಲೆ ಹೇಳಿದ: ಒಂದರ ಬದಲು ಎರಡು ಮೈಕು ಬೇಕು. ಎದುರಿನಿಂದ ಬಂದ ದನಿ ಮುಂದಿನ ಮೈಕಿಗೆ ಮೊದಲು, ಹಿಂದಿನದಕ್ಕೆ ಕೂದಲೆಳೆಯಷ್ಟು ತಡವಾಗಿ ಮುಟ್ಟುತ್ತದೆ. ಆ ತಡವನ್ನು ಅಳೆದು ಎದುರಿನ ದನಿಯನ್ನು ಮಾತ್ರ ಎತ್ತಬಹುದು. ಆ ಗೋಡಂಬಿಯೊಳಗೆ ಕುಳಿತು ಒಂದು ಚಿಪ್ ಇಂಥ ಲೆಕ್ಕ ಮಾಡುತ್ತದೆಯೇ ಎಂದು ನಾನು ಬೆರಗಾದೆ. "ಮಾಡ್ತದೆ ಮೇಡಂ. ಆದ್ರೆ ಜಾಗ? ಬ್ಯಾಟರಿ?" ಎಂದ.

ಮೀಟಿಂಗಿನಲ್ಲಿ ಬಟ್ಟಲು ಬಂತು. ಈ ಸಲ ಗೋಡಂಬಿ ನನ್ನ ಮುಂದೆ. ಹೊರಗೆ ಏನು ಹೋಗುತ್ತದೆ ಎಂದರು ಪಾರೇಖ್ ಭಾಯಿ. "ಹಾಡು ಹೋಗುತ್ತದೆ, ಆ್ಯಪ್ ಹೋಗುತ್ತದೆ, ಬಣ್ಣಗಳಿಗೆ ಹಾಕಿದ ಶ್ರಮವೂ ಹೋಗುತ್ತದೆ," ಎಂದೆ. ಡಿಸ್ಟ್ರಿಬ್ಯೂಟರ್ ಕಡೆಯವರು ಕುರ್ಚಿಯಿಂದ ಎದ್ದೇಬಿಟ್ಟರು. "ಏಕ್ ಬುಡ್ಢೀ ಕೇ ಲಿಯೇ?" ಒಬ್ಬ ಮುದುಕಿಗಾಗಿಯೇ?

ಪಾರೇಖ್ ಭಾಯಿ ಆ ಗೋಡಂಬಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಹಿಂದೆಂದೂ ಅವರು ಅದನ್ನು ತಿಂದದ್ದು ನಾನು ನೋಡಿರಲಿಲ್ಲ. ನಿಧಾನವಾಗಿ ಅಗಿದು, "ಏಕ್ ಕೋ ತೋ ಸುನಾಯೀ ದೇ," ಎಂದರು. ಮೊದಲು ಒಬ್ಬಳಿಗಾದರೂ ಕೇಳಿಸಲಿ. ಆ ಕ್ಷಣ ಅವರ ಕಾಲಿಗೆ ಬೀಳಬೇಕು ಅನಿಸಿತು.

ಆದರೆ ನಿರ್ಧಾರ ಮಾಡುವುದು ಸುಲಭ, ಅದರ ಮೇಲೆ ನಿಲ್ಲುವುದೇ ಕೆಲಸ. ಇದನ್ನು ಹುಡುಗಿಯರು ಗಮನವಿಟ್ಟು ಓದಬೇಕು. ದಿನ ಬೆಳಗಾದರೆ ಒಬ್ಬೊಬ್ಬರು ಒಂದೊಂದು ಒಳ್ಳೆಯ ಯೋಚನೆ ತರುತ್ತಾರೆ. ಕೆಟ್ಟ ಯೋಚನೆಗೆ ಬೇಡ ಎನ್ನಲು ಯಾರ ಅಪ್ಪಣೆಯೂ ಬೇಡ. ಒಳ್ಳೆಯದಕ್ಕೆ ಬೇಡ ಎನ್ನಲು ಗುಂಡಿಗೆ ಬೇಕು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳತೊಡಗಿದೆ: ಇದರಿಂದ ಕಮಲವ್ವನಿಗೆ 'ಕಾಪೂ ನಕಾ' ಕೇಳಿಸುತ್ತದೆಯೇ? ಇಲ್ಲವಾದರೆ ಆಮೇಲೆ. ಮೊದಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ಅವರವರೇ ಕೇಳಿಕೊಳ್ಳತೊಡಗಿದರು. ಮೀಟಿಂಗುಗಳು ಮುದುರಿಕೊಂಡವು. ಶೆಟ್ಟಿ ಸ್ಪಂಜಿನ ಕೋಣೆಗೆ ಬೀಗ ಹಾಕಿ, ಕೆಳಗಿನ ಡಬ್ಬಿ ಪ್ರೆಸ್ಸಿನ ಪಕ್ಕ ಮೇಜು ಹಾಕಿಕೊಂಡ. ಎಷ್ಟು ಸಲ ಮಾಡಿದ, ಎಷ್ಟು ಸಲ ಕೆಡಿಸಿದ! ಒಮ್ಮೆಯೂ ಸಿಡುಕಲಿಲ್ಲ. ಆ ಹುಡುಗನ ತಾಳ್ಮೆ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಲಗ್ನದ ಸೀಸನ್ನಿನ ಹೊಸ್ತಿಲಲ್ಲಿ ಒಂದು ಮಧ್ಯಾಹ್ನ ಹೊಸ ಜೋಡಿ ಹಿಡಿದು ದಹಿಸರ್‌ಗೆ ಹೋದೆವು. ಈ ಸಲ ಮನೆಗಲ್ಲ, ಅಂಗಡಿಗೆ. ಚಹಾ ಬೇಡವೆಂದು ಮೊದಲೇ ಹೇಳಿದೆ. ಶೆಟ್ಟಿ ಯಂತ್ರವನ್ನು ಕಿವಿಗೆ ಕೂರಿಸಿದ. ಕಮಲವ್ವ ಥಟ್ಟನೆ ಮೇಲೆ ನೋಡಿದರು. "ಫ್ಯಾನ್ ಯಾರು ಬಂದ್ ಮಾಡಿದ್ರು?" ಫ್ಯಾನು ಬಿರುಸಾಗಿ ತಿರುಗುತ್ತಲೇ ಇತ್ತು. ಶೆಟ್ಟಿ ನನ್ನ ಕೈ ಹಿಡಿದುಕೊಂಡ.

ಗಿರಾಕಿ ಬಂದಳು, ಬಟ್ಟೆ ಅಳೆದಾಯಿತು. ಕಮಲವ್ವ ಕಣ್ಣು ಕೆಳಗೆ ಮಾಡಿ ಕತ್ತರಿ ಹಿಡಿದರು. ಪಕ್ಕದಲ್ಲಿ ಮಿಕ್ಸಿ ಅರಚುತ್ತಿತ್ತು, ರಸ್ತೆಯಲ್ಲಿ ರಿಕ್ಷಾಗಳು. ಬಸವರಾಜ ಕೌಂಟರಿನ ಆಚೆ, ಗಿರಾಕಿಯ ಪಕ್ಕ ಹೋಗಿ ನಿಂತ. ಅವನು ಕೂಗಲಿಲ್ಲ. ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಅವ್ವಾ, ಕತ್ತರಿಸಬ್ಯಾಡ," ಎಂದ.

ಕತ್ತರಿ ನಿಂತಿತು.

ಕಮಲವ್ವ ತಲೆಯೆತ್ತಲಿಲ್ಲ. ಬಟ್ಟೆಯನ್ನೇ ನೋಡುತ್ತಾ ನಿಂತರು. ಮಗನ ಮುಖ ನೋಡದೆ ಮಗನ ಮಾತು ಕೇಳಿ ಆಕೆಗೆ ಎಷ್ಟು ಕಾಲವಾಗಿತ್ತೋ. "ಬಸ್ಯಾ," ಎಂದರು, "ನಿನ್ನ ದನಿ ನಿಮ್ಮಪ್ಪನ ಹಂಗ ಆಗೇದಲ್ಲೋ." ಬಸವರಾಜ ಕೌಂಟರಿನ ಮೇಲೆ ಹಾಗೇ ತಲೆಯಿಟ್ಟುಬಿಟ್ಟ. ನಾನು ಅತ್ತೆ. ಏನೂ ಗೊತ್ತಿಲ್ಲದ ಆ ಗಿರಾಕಿಯೂ ಕಣ್ಣೊರೆಸಿಕೊಂಡಳು. ಆಮೇಲೆ ತನ್ನ ಬಟ್ಟೆ ಕತ್ತರಿಸಿಕೊಡಿ ಎಂದು ಅವಸರ ಮಾಡಿದಳು, ಮುಂಬಯಿಯವಳಲ್ಲವೇ.

ಆ ಮಾಡೆಲ್ ಬಹಳ ಕಡೆ ಹೋಯಿತು. ಬಣ್ಣಗಳೂ ಆಮೇಲೆ ಬಂದವು. ನಾನು ನಿವೃತ್ತಳಾದೆ. ಕಳೆದ ಸಲ ಹಬ್ಬಕ್ಕೆ ಮುಂಚೆ ರವಿಕೆ ಬಟ್ಟೆಯ ನೆಪ ಮಾಡಿಕೊಂಡು ದಹಿಸರ್‌ಗೆ ಹೋಗಿದ್ದೆ. ಅಂಗಡಿಯಲ್ಲಿ ಅದೇ ಸಂತೆ, ಕೌಂಟರಿನಲ್ಲಿ ಅದೇ ಕಮಲವ್ವ, ಎರಡೂ ಕಿವಿಯಲ್ಲಿ ಎರಡು ಗೋಡಂಬಿ. ಹೆಂಗಸರ ಹಿಂದಿನಿಂದ ಸಂಭ್ರಮದಲ್ಲಿ "ಕಮಲವ್ವಾ!" ಎಂದು ಕೂಗಿದೆ. ಆಕೆ ಒಬ್ಬ ಗಿರಾಕಿಯ ಮುಖ ನೋಡುತ್ತಿದ್ದರು, ಕಣ್ಣು ಕದಲಲಿಲ್ಲ. ಇನ್ನೊಮ್ಮೆ ಕೂಗಿದೆ. ಊಹೂಂ. ಯಂತ್ರ ಕೆಟ್ಟಿತೇ? ಕಿವಿ ಇನ್ನೂ ಕುಸಿಯಿತೇ? ಸೀರೆ ಹಿಡಿದುಕೊಂಡು ತೆಪ್ಪಗೆ ನಿಂತೆ. ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ಬಟ್ಟೆ ತೆಗೆದುಕೊಂಡು ಹೋದರು. ಕೊನೆಗೆ ಕೌಂಟರಿಗೆ ಬಂದೆ. ಕಮಲವ್ವ ಕತ್ತರಿ ಪಕ್ಕಕ್ಕಿಟ್ಟು, ಎರಡೂ ಕಣ್ಣು ತುಂಬ ನನ್ನನ್ನು ನೋಡಿದರು.

"ಕೂಗಿದ್ದು ಕೇಳಲಿಲ್ವಾ?" ಎಂದೆ, ಹೆದರುತ್ತಲೇ.

"ಆಗ್ಲೇ ಕೇಳಿತ್ತವಾ," ಎಂದರು. "ನಿನ್ನ ಪಾಳಿ ಬಂದಿರಲಿಲ್ಲ."